ಬಾಗಿಲ ಪಕ್ಕದ ಆ ಜಾಗ

ಪ್ರತಿ ಗುರುವಾರ ಸಂಜೆ ಶಿವಮೊಗ್ಗದ ಒಬ್ಬರ ಮನೆ ಜಗಲಿಯಲ್ಲಿ ನಮ್ಮ ವಚನ ಗೋಷ್ಠಿ. ಹನ್ನೆರಡು ಹದಿನೈದು ಜನ ಸೇರುತ್ತೇವೆ: ನಿವೃತ್ತ ಮೇಷ್ಟ್ರುಗಳು, ಬ್ಯಾಂಕಿನವರು, ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವರೊಬ್ಬರು, ಬಟ್ಟೆ ಹೊಲಿಯುವ ಒಬ್ಬ ಅಕ್ಕ. ಹೋದ ಮಳೆಗಾಲದ್ದೊಂದು ವಿಷಯ ಬರೆಯಬೇಕು ಅಂತ ಬಹಳ ದಿನದಿಂದ ಮನಸ್ಸಲ್ಲಿತ್ತು.

ಆಗ ಷಟ್‌ಸ್ಥಲ, ಅಂದರೆ ಭಕ್ತ ಶಿವನಲ್ಲಿ ಒಂದಾಗುವವರೆಗಿನ ಆರು ನೆಲೆಗಳ ವಿಚಾರ ಹಿಡಿದಿದ್ದೆವು. ಭಕ್ತ, ಮಹೇಶ, ಪ್ರಸಾದಿ ಮುಗಿಸಿ ಪ್ರಾಣಲಿಂಗಿಗೆ ಬರುವಷ್ಟರಲ್ಲಿ ಆರು ತಿಂಗಳು ಕಳೆದಿತ್ತು. ಈ ಆರು ಸ್ಥಲಗಳು ಒಂದಾದ ಮೇಲೊಂದು ಹತ್ತುವ ಮೆಟ್ಟಿಲುಗಳೋ, ಒಂದೊಂದರೊಳಗೂ ಉಳಿದ ಐದೂ ಇವೆಯೋ ಅಂತ ಮೂರು ಗುರುವಾರ ಚರ್ಚೆ ನಡೆಯಿತು. ಒಳ್ಳೆಯ ಚರ್ಚೆಯೇ. ನಾನೂ ರಾತ್ರಿ ಕೂತು ಟಿಪ್ಪಣಿ ಮಾಡಿಕೊಂಡು ಹೋಗುತ್ತಿದ್ದೆ. ಆ ಮೂರೂ ವಾರ ಅಕ್ಕ ಬಂದಿರಲಿಲ್ಲ. ಬಾಗಿಲ ಪಕ್ಕ ಅವರು ಕೂರುವ ಜಾಗದಲ್ಲಿ ನಮ್ಮ ಒದ್ದೆ ಕೊಡೆಗಳನ್ನು ಒರಗಿಸಿದ್ದೆವು.

ನಾಲ್ಕನೇ ವಾರ ಪೇಟೆಯಲ್ಲಿ ಸಿಕ್ಕರು, ಕೈಯಲ್ಲಿ ಔಷಧಿ ಚೀಟಿ. ಯಜಮಾನರು ಅಂಗಳದ ಪಾಚಿಯ ಮೇಲೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಆಸ್ಪತ್ರೆಯಲ್ಲಿದ್ದರಂತೆ. ಹಗಲೆಲ್ಲ ಮಿಷನ್ ತುಳಿದು ರಾತ್ರಿ ಅಲ್ಲಿ ಹೋಗಿ ಮಲಗುತ್ತಿದ್ದರಂತೆ. "ಒಂದು ಫೋನ್ ಮಾಡಬಾರದಿತ್ತಾ ಅಕ್ಕಾ?" ಅಂದೆ. "ನೀವೆಲ್ಲ ದೊಡ್ಡ ವಿಷಯ ಓದ್ತಾ ಇದ್ರಿ ಅಣ್ಣಾ, ಮಧ್ಯೆ ನಮ್ಮನೆ ತಾಪತ್ರಯ ಯಾಕೆ ಅಂತ ಸುಮ್ಮನಾದೆ" ಅಂದರು. ಮಾತಿನಲ್ಲಿ ಒಂದಿಷ್ಟೂ ಸಿಟ್ಟಿರಲಿಲ್ಲ. ಫೋನ್ ಮಾಡಬೇಕಾಗಿದ್ದವರು ನಾವು. ನಮ್ಮ ಓದು ಅವರಿಗೆ ಕಷ್ಟ ಹೇಳಿಕೊಳ್ಳಲೂ ಸಂಕೋಚ ಹುಟ್ಟಿಸಿತ್ತು ಅನ್ನುವುದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಅಲ್ಲಮ ಬಳ್ಳಿಗಾವಿಯವನು, ಅಕ್ಕಮಹಾದೇವಿ ಉಡುತಡಿಯವಳು, ಇಬ್ಬರೂ ನಮ್ಮ ಶಿಕಾರಿಪುರ ತಾಲ್ಲೂಕಿನವರು ಅಂತ ಎದೆಯುಬ್ಬಿಸಿ ಹೇಳುತ್ತೇವೆ. ಶಿರಾಳಕೊಪ್ಪದ ಹತ್ತಿರದ ಜಂಬೂರಿನ ಸತ್ಯಕ್ಕನ ಹೆಸರು ನಮ್ಮ ಗೋಷ್ಠಿಯಲ್ಲಿ ಬಂದಿದ್ದು ತೀರಾ ಅಪರೂಪ. ಶಿವಭಕ್ತರ ಮನೆಯಂಗಳ ಗುಡಿಸುವುದು ಆಕೆಯ ಕಾಯಕ. ಆಕೆಯೂ ವಚನ ರಚಿಸಿದವಳೇ. ಶರಣ ನುಲಿಯ ಚಂದಯ್ಯನ ಕಥೆಯಂತೂ ಇನ್ನೂ ಗಟ್ಟಿ. ಹಗ್ಗ ಹೊಸೆಯಲು ಹುಲ್ಲು ಕೊಯ್ಯುವಾಗ ಮೈಮೇಲೆ ಧರಿಸಿದ್ದ ಇಷ್ಟಲಿಂಗ ಜಾರಿ ಬಿತ್ತು. ಆತ ಅದನ್ನು ಎತ್ತಿಕೊಳ್ಳದೆ ಕೆಲಸ ಮುಂದುವರಿಸಿದ. ಹಗ್ಗ ಮಾರಿ ಬಂದ ದುಡ್ಡಿನಲ್ಲಿ ಜಂಗಮ ದಾಸೋಹ, ಅಂದರೆ ಮನೆಗೆ ಬಂದ ಶಿವಭಕ್ತರಿಗೆ ಉಣಬಡಿಸುವ ಸೇವೆ ನಡೆಯಬೇಕಿತ್ತಲ್ಲ!

ಇದನ್ನೆಲ್ಲ ಹೇಳಿದಾಗ ನಮ್ಮ ಹುಡುಗರಿಬ್ಬರು, "ಹಾಗಾದ್ರೆ ಈ ಓದು ಸಾಕು ಸರ್, ಆ ಎರಡು ಗಂಟೆ ಆಸ್ಪತ್ರೆಗೋ ಅನಾಥಾಶ್ರಮಕ್ಕೋ ಹೋಗೋಣ" ಅಂದರು. ಅವರ ಕಳಕಳಿ ದೊಡ್ಡದು, ಆದರೆ ನಾನು ಒಪ್ಪಲಿಲ್ಲ. ಅದಕ್ಕೆ ಕಾರಣ 2019ರ ಆಗಸ್ಟ್. ತುಂಗೆ ಉಕ್ಕಿ ಊರಿನ ತಗ್ಗು ಬಡಾವಣೆಗಳಿಗೆ ನೀರು ನುಗ್ಗಿದಾಗ ನಾವೂ ಅಕ್ಕಿ, ಚಾಪೆ, ಕಂಬಳಿ ಹಂಚಲು ಹೋಗಿದ್ದೆವು. ಸಾಲಿನಲ್ಲಿದ್ದ ಒಬ್ಬ ಅಜ್ಜಿಗೆ ನಮ್ಮಲ್ಲೊಬ್ಬರು "ಕಂಬಳಿ ಸ್ವಲ್ಪ ಮೇಲೆತ್ತಿ ಹಿಡ್ಕೋ ಅಜ್ಜಿ, ಫೋಟೋಕ್ಕೆ" ಅಂದರು. ಅಜ್ಜಿ ಎತ್ತಿ ಹಿಡಿದರು. ಪಕ್ಕದಲ್ಲೇ ನಿಂತಿದ್ದೆ, ಏನೂ ತಪ್ಪು ಅನ್ನಿಸಲಿಲ್ಲ. ಪಂಚಾಚಾರ, ಅಂದರೆ ಶರಣರು ಹೇಳಿದ ಐದು ನಡತೆಗಳ ಬಗ್ಗೆ ಓದಿದ್ದು ಅದಾಗಿ ಎರಡು ವರ್ಷಕ್ಕೆ. ಭಕ್ತರಲ್ಲಿ ಮೇಲು ಕೀಳು ನೋಡದಿರುವುದು ಶಿವಾಚಾರ, ತಾನು ಎಲ್ಲರಿಗಿಂತ ಕಿರಿಯ, ಶರಣರ ಸೇವಕ ಅಂತ ನಡೆಯುವುದು ಭೃತ್ಯಾಚಾರ. ದಾನದಲ್ಲಿ ಕೊಡುವವನೊಬ್ಬ ಎತ್ತರದಲ್ಲಿ ನಿಂತಿರುತ್ತಾನೆ, ದಾಸೋಹದಲ್ಲಿ ಕೊಡುವವನೇ ದಾಸ. ಅದನ್ನು ಓದಿದ ರಾತ್ರಿ ಆ ಅಜ್ಜಿಯ ಎತ್ತಿದ ಕೈ ನೆನಪಾಗಿ ನಿದ್ದೆ ಬರಲಿಲ್ಲ. ಓದದೇ ಇದ್ದಿದ್ದರೆ ಆ ಫೋಟೋ ನನ್ನ ಮಟ್ಟಿಗೆ ಒಂದು ಒಳ್ಳೆಯ ನೆನಪಾಗಿಯೇ ಉಳಿಯುತ್ತಿತ್ತು.

ಹಾಗಾಗಿ ಓದು ಬಿಡುವ ಮಾತಿಲ್ಲ ಅಂತಲೇ ನನ್ನ ವಾದ. ಸಿದ್ಧಾಂತದ ಒಳಗೇ ಅಣ್ಣತಮ್ಮಂದಿರ ಹಾಗೆ ಬಾಳುವ ದಾರಿ ಬರೆದಿಟ್ಟಿದೆ. ನಾವು ಆ ಪುಟಗಳನ್ನು ಪರಿಭಾಷೆ ಕಲಿಯಲು ಮಾತ್ರ ತಿರುವಿದೆವು.

ಈಗ ಪುಸ್ತಕ ತೆರೆಯುವ ಮೊದಲು ಯಾರು ಬಂದಿಲ್ಲ ಅಂತ ನೋಡುತ್ತೇವೆ, ಅಲ್ಲೇ ಕೂತು ಫೋನ್ ಮಾಡುತ್ತೇವೆ. ಎರಡು ವಾರದ ಹಿಂದೆ ಮಂಡಿಯವರ ತಾಯಿಗೆ ಜ್ವರ ಅಂತ ಗೊತ್ತಾಗಿ ಇಬ್ಬರು ಎದ್ದು ಹೋದರು, ಉಳಿದವರು ಓದಿದೆವು. ಅಕ್ಕನ ಯಜಮಾನರು ಕೋಲು ಹಿಡಿದು ನಡೆಯುತ್ತಿದ್ದಾರೆ, ಅಕ್ಕ ಮತ್ತೆ ಬರುತ್ತಿದ್ದಾರೆ. ಕೊಡೆಗಳನ್ನು ಹೊರಗಿನ ತಂತಿಗೆ ತೂಗುಹಾಕುತ್ತೇವೆ.

ಮೊನ್ನೆ ಚಂದಯ್ಯನ ಪ್ರಸಂಗ ಮುಗಿದಾಗ ಅಕ್ಕ ಮೊದಲ ಸಲ ಪ್ರಶ್ನೆ ಕೇಳಿದರು. "ಅವನು ಅಷ್ಟು ಪ್ರೀತಿಯಿಂದ ಎದೆ ಮೇಲೆ ಕಟ್ಟಿಕೊಂಡಿದ್ದ ಲಿಂಗ ಅದು. ಬಿಟ್ಟು ಮುಂದೆ ಹೋಗುವಾಗ ಅವನ ಜೀವಕ್ಕೆ ಹೇಗಾಗಿರಬಹುದು ಅಣ್ಣಾ?" ಆ ಕಥೆಯನ್ನು ಎಷ್ಟೋ ಸಲ ಹೇಳಿದ್ದ ಮೇಷ್ಟ್ರು ಕನ್ನಡಕ ತೆಗೆದು ಸುಮ್ಮನೆ ಕೂತರು. ಬರುವ ಗುರುವಾರ ಅಲ್ಲಿಂದಲೇ ಶುರು ಮಾಡುವುದು ಅಂತ ಆಗಿದೆ.