ಯೋಧ ಅಂದ್ರೆ ಬರೀ ದಾಳ ಉರುಳಿಸೋ ಕೂಲಿನಾ?

ನಿನ್ನೆ ರಾತ್ರಿ ನಮ್ಮ ತುಮಕೂರು ಗ್ಯಾಂಗಿನ ಡಂಜನ್ಸ್ ಅಂಡ್ ಡ್ರಾಗನ್ಸ್ ಆಟ ನೋಡಿ ತಲೆ ಕೆಟ್ಟುಹೋಯಿತು. (ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಒಂದೊಂದು ಪಾತ್ರ ಹಿಡಿದು ದಾಳ ಉರುಳಿಸಿ ಆಡುತ್ತಾರೆ.) ಕಥೆ ಚೆನ್ನಾಗಿತ್ತು. ಬೆಟ್ಟದ ಮೇಲೊಂದು ಕೋಟೆ, ಕೆಳಗಿನಿಂದ ಶತ್ರುಗಳು ಹತ್ತಿ ಬರುತ್ತಿದ್ದಾರೆ. ಮಾಂತ್ರಿಕಳ ಸರದಿ ಬಂತು. ಬೆಂಕಿ ಉಂಡೆ! ಆರು ಮುಖದ ದಾಳ ಎಂಟು ಬೇಕು, ಪಕ್ಕದವರ ದಾಳ ಕಿತ್ತುಕೊಂಡರು, ಎಲ್ಲರೂ ಎದ್ದು ನಿಂತರು. ಆಮೇಲೆ ಯೋಧನ ಸರದಿ, ಕೈಯಲ್ಲಿ ಇಪ್ಪತ್ತು ಮುಖದ ದಾಳ.

"ಹೊಡೀತೀನಿ."
"ಎಷ್ಟು ಬಿತ್ತು?"
"ಹದಿನೇಳು."
"ತಾಗಿತು. ಮುಂದಿನೋರು."

ಅಷ್ಟೇ. ಹುಡುಗ ಮೊಬೈಲ್ ತೆಗೆದು ರೀಲ್ಸ್ ನೋಡುತ್ತಾ ಕೂತ. ಅವನನ್ನು ಬೈಯ್ಯಲ್ಲ. ಮಾಡೋಕೆ ಬೇರೆ ಏನಿತ್ತು ಅವನಿಗೆ?

ಪಾತ್ರ ಬೆಳೆದು ಐದನೇ ಹಂತಕ್ಕೆ ಬಂದಾಗ ಮಾಂತ್ರಿಕನಿಗೆ ಬಿದ್ದ ಜಾಗದಿಂದ ಸುತ್ತ 20 ಅಡಿಯೊಳಗಿರೋರನ್ನೆಲ್ಲ ಸುಡುವ ಈ ಬೆಂಕಿ ಉಂಡೆ ಮಂತ್ರ ಸಿಗುತ್ತದೆ. ಅದೇ ಹಂತದಲ್ಲಿ ಯೋಧನಿಗೆ ಸಿಗುವುದು ಇನ್ನೊಂದು ಏಟು. ಅಂದರೆ "ಹೊಡೀತೀನಿ" ಅಂತ ಎರಡು ಸಲ ಹೇಳಬಹುದು. ಭಾರೀ ಬಡ್ತಿ! 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಈ ಆಟ ಹೊರತಂದಾಗ ಇದ್ದಿದ್ದೇ ಮೂರು ಬಗೆ: ಯೋಧ, ಮಾಂತ್ರಿಕ, ಪೂಜಾರಿ. (ಹೌದು, ಪೂಜಾರಪ್ಪನೂ ಗದೆ ಹಿಡಿದು ಬರುತ್ತಾರೆ.) ಆಗಲೇ ಮಾಂತ್ರಿಕನಿಗೆ ಮಂತ್ರದ ಪಟ್ಟಿ, ಯೋಧನಿಗೆ ಕತ್ತಿ. ಹಂಚಿಕೆ ಅಲ್ಲೇ ಕೆಟ್ಟಿತು.

ಸರಿಮಾಡೋಕೆ ನೋಡಲಿಲ್ಲ ಅಂತಲ್ಲ. 2008ರ ಆವೃತ್ತಿಯಲ್ಲಿ ಯೋಧನಿಗೂ ಕಾಳಗಕ್ಕೊಮ್ಮೆ, ದಿನಕ್ಕೊಮ್ಮೆ ಬಳಸೋ ವಿದ್ಯೆಗಳನ್ನು ಕೊಟ್ಟರು. "ಇವನೂ ಮಾಂತ್ರಿಕನೇ ಆಗಿಬಿಟ್ಟ" ಅಂತ ಜನ ಗೊಣಗಿದರು. ಅದರಲ್ಲಿ ಹುರುಳಿತ್ತು. ಒಂದು ಪಟ್ಟನ್ನು ದಿನಕ್ಕೆ ಒಂದೇ ಸಲ ಯಾಕೆ ಹಾಕಬೇಕು? ಕಥೆಯಲ್ಲಿ ಉತ್ತರ ಇರಲಿಲ್ಲ. 2014ರಲ್ಲಿ ಕೆಡವೋದು, ಆಯುಧ ಬೀಳಿಸೋದು, ತಿರುಗೇಟು ಕೊಡೋದು ಎಲ್ಲ ಬಂತು, ಆದರೆ ಅದು ಯೋಧರಲ್ಲೇ ಒಂದು ಪಂಗಡದ ಸ್ವತ್ತು. 2024ರಲ್ಲಿ ಆಯುಧಕ್ಕೊಂದು ಗುಣ ಕೊಟ್ಟರು, ಒಂದು ತಳ್ಳುತ್ತದೆ, ಇನ್ನೊಂದು ಬೀಳಿಸುತ್ತದೆ. ಪರವಾಗಿಲ್ಲ. ಆದರೂ ಯೋಚನೆ ಮಾಡುವುದು ಆಯುಧ, ಯೋಧ ಅಲ್ಲ.

"ಹೊಸಬರಿಗೆ ಒಂದಾದರೂ ಸುಲಭದ ಪಾತ್ರ ಬೇಡವಾ?" ಅಂತ ಕೇಳುತ್ತಾರೆ. ಬೇಕು. ಹಾಗಾದರೆ ಸುಲಭದ ಮಾಂತ್ರಿಕನನ್ನು ಮಾಡಿ! ಪ್ರತಿ ಸಲ ಯೋಧನೇ ಯಾಕೆ ದಡ್ಡರ ಬೆಂಚಲ್ಲಿ ಕೂರಬೇಕು?

ನಮ್ಮ ಕಡೆ ಊರಾಚೆ ವೀರಗಲ್ಲು ನೋಡಿರುತ್ತೀರಿ. ದನ ಕಾಯಲು ಸತ್ತವನ ಕಲ್ಲಾದರೆ ದನವನ್ನೂ ಕೆತ್ತಿರುತ್ತಾರೆ. ಅವನು ಯಾಕೆ ಅಲ್ಲಿ ನಿಂತ ಅನ್ನುವುದು ಒಂದೇ ನೋಟಕ್ಕೆ ತಿಳಿಯುತ್ತದೆ. ಯೋಧನ ವಿದ್ಯೆ ಅಲ್ಲಿಂದ ಶುರುವಾಗಬೇಕು ಅಂತ ನನ್ನ ಹಠ.

ಅದಕ್ಕೇ ರಾತ್ರಿ ಕೂತು ಒಂದು ವಿದ್ಯೆ ಬರೆದೆ. ಹೆಸರು 'ದಾರಿ ಕಟ್ಟು'. ಮಧುಗಿರಿ ಬೆಟ್ಟ ಹತ್ತಿದವರಿಗೆ ಗೊತ್ತು, ಕಂಬಿ ಹಿಡಿದು ಒಬ್ಬರ ಹಿಂದೆ ಒಬ್ಬರು ಹೋಗುವ ಜಾಗ. ಅಂಥ ಕಡೆ ಯೋಧ ನಿಂತು, ಬೆನ್ನ ಹಿಂದೆ ಯಾರಿದ್ದಾರೆ ಅಂತ ಹೆಸರು ಹೇಳಬೇಕು. ಅವನನ್ನು ದಾಟಲು ಬಂದವರ ಮೇಲೆ ಅವರ ಸರದಿಯಲ್ಲೇ ಇವನು ಏಟು ಹಾಕಬಹುದು. ತಾಗಿದರೆ ಅವರು ಅಲ್ಲೇ ನಿಲ್ಲಬೇಕು. ಮೊದಲನೆಯವನನ್ನು ತಡೆಯೋದು ಪುಕ್ಕಟೆ. ಎರಡನೆಯವನಿಂದ ಬೆಲೆ ತೆರಬೇಕು: ಗುರಾಣಿ ಹೋಗಲಿಯಾ, ಗಾಯ ಆಗಲಿಯಾ, ಕತ್ತಿ ಜಾರಲಿಯಾ? ಆಯ್ಕೆ ಅವನದೇ. ಒಂದು ಹೆಜ್ಜೆ ಕದಲಿದರೆ ವಿದ್ಯೆ ಮುಗಿಯಿತು. ಶತ್ರುವಿನ ಸರದಿಯೂ ಇವನ ಸರದಿ ಆದಮೇಲೆ ರೀಲ್ಸ್ ನೋಡೋಕೆ ಪುರುಸೊತ್ತು ಎಲ್ಲಿ?

(ಇಷ್ಟೆಲ್ಲ ಮಾತಾಡೋ ನಾನು ಬೀದಿನಾಯಿ ಗುರ್ ಅಂದರೆ ಆಚೆ ಬದಿಗೆ ದಾಟುವವನು. ಯೋಧನ ಪಾತ್ರ ಅಂದರೆ ನನಗೆ ಅಷ್ಟು ಇಷ್ಟ ಆಗೋದು ಅದಕ್ಕೇ ಇರಬೇಕು.)

ಬೆಳಿಗ್ಗೆ ಇದನ್ನು ನಮ್ಮ ಆಟ ನಡೆಸೋ ಮಹಾಶಯನಿಗೆ ಕಳಿಸಿದೆ. "ಬ್ಯಾಲೆನ್ಸ್ ಹೋಗುತ್ತೆ ಮಗಾ" ಅಂದ. ಎಂಟು ದಾಳದ ಬೆಂಕಿ ಉಂಡೆ ಬಿದ್ದಾಗ ಈ ಬ್ಯಾಲೆನ್ಸು ಎಲ್ಲಿ ಮಲಗಿತ್ತು ಸ್ವಾಮಿ?

ಭಾನುವಾರ ಇದನ್ನು ಆಡಿಸಿಯೇ ತೀರುತ್ತೇನೆ. ಯೋಧ ಆಗೋರು ಬನ್ನಿ, ಟೀ ನನ್ನದು. ಮಾಂತ್ರಿಕರು ತಮ್ಮ ಟೀ ತಾವೇ ಮಂತ್ರ ಹಾಕಿ ತರಿಸಿಕೊಳ್ಳಲಿ.