ಸಿನಿಮಾದವರ ಮಲೆನಾಡಲ್ಲಿ ಇಂಬಳ ಇಲ್ಲ

ನಾನು ದೊಡ್ಡ ಸಿನಿಮಾ ಪಂಡಿತ ಅಲ್ಲ. ತಿಂಗಳಿಗೊಂದು ನೋಡಿದರೆ ಜಾಸ್ತಿ. ಆದರೆ ಚಿಕ್ಕಮಗಳೂರಲ್ಲಿ ಕೂತು ಮಲೆನಾಡಿನ ಸಿನಿಮಾ ನೋಡೋದು ಇದೆಯಲ್ಲ, ಅದು ಒಂಥರಾ ಹಿಂಸೆ.

ಹೀರೋಯಿನ್ ಸುರಿಯೋ ಮಳೆಯಲ್ಲಿ ಬರಿಗಾಲಲ್ಲಿ ಕಾಫಿ ತೋಟದೊಳಗೆ ಕುಣೀತಾಳೆ, ಪಕ್ಕದಲ್ಲೇ ಆಳುಗಳು ಕೆಂಪು ಹಣ್ಣು ಕೊಯ್ಯುತ್ತಾ ಕೋರಸ್ ಹಾಡ್ತಾರೆ. ಅಲ್ಲ ಸ್ವಾಮಿ, ಜುಲೈ ಮಳೆಯಲ್ಲಿ ಕಾಫಿ ಇನ್ನೂ ಹಸಿರು ಕಾಯಿ, ಕೊಯ್ಲು ಶುರುವಾಗೋದೇ ನವೆಂಬರ್ ಡಿಸೆಂಬರಲ್ಲಿ! ಇಂಬಳ, ಅಂದ್ರೆ ರಕ್ತ ಹೀರೋ ಜಿಗಣೆ, ಅದಂತೂ ಯಾರ ಕಾಲಿಗೂ ಹತ್ತಲ್ಲ. ನಾನು ಹತ್ತು ನಿಮಿಷ ತೋಟದೊಳಗೆ ಹೋಗಿ ಬಂದರೆ ಸಾಕ್ಸ್ ಬಿಚ್ಚಿ, ಸುಣ್ಣ ಹಚ್ಚಿ, ಆಮೇಲೂ ರಕ್ತ ನಿಲ್ಲದೆ ಬಾತ್‌ರೂಮಿಂದ ಅಡುಗೆಮನೆವರೆಗೂ ಚುಕ್ಕೆ ಚುಕ್ಕೆ.

2006ರ 'ಮುಂಗಾರು ಮಳೆ' ನನಗೂ ಇಷ್ಟ, ಸುಳ್ಳು ಹೇಳಲ್ಲ. ಸಕಲೇಶಪುರದ ಕಡೆ ತೆಗೆದ ಆ ಮಳೆ ನಿಜವಾಗಿ ಒದ್ದೆ ಅನಿಸುತ್ತೆ. ಸಿಟ್ಟು ಅದರ ಮೇಲಲ್ಲ, ಆಮೇಲೆ ಅದೇ ಥರ ಮಾಡೋಕೆ ಹೊರಟವರ ಮೇಲೆ. ಮಂಜು, ಜೀಪು, ಹೆಂಚಿನ ಮನೆ, ಗಿಟಾರು. ಕಥೆ ಎಲ್ಲಿ?

2016ರಲ್ಲಿ ಥಿಯೇಟರಿಗೆ ಬಂದ 'ತಿಥಿ' ನೋಡಿ, ಮಂಡ್ಯ ಕಡೆಯ ಹಳ್ಳಿಯವರೇ ನಟಿಸಿದ್ದು, ಆ ಊರಿನ ಧೂಳು ನಮ್ಮ ಮೂಗಿಗೂ ಹೋಗುತ್ತೆ. ನಮ್ಮ ಕಡೆಗೂ ಅಂಥದ್ದೊಂದು ಬೇಡ್ವಾ? ಇದನ್ನೇ ಹೇಳಿದರೆ ನಮ್ಮ ಭಾವ, 'ಸುಮ್ನೆ ನೋಡೋಕೆ ಬರಲ್ವಾ ನಿಂಗೆ' ಅಂತಾರೆ. ಅವರಿರೋದು ಹಾಸನದ ಪೇಟೆಯಲ್ಲಿ, ಇಂಬಳ ಕಚ್ಚಿಲ್ಲ ಪಾಪ.