ಅರ್ಧ ಮಿಲಿಮೀಟರ್ ಔದಾರ್ಯ

ಅಂಚಿಗೆ ಹೊಲಿಯೋಕೆ ಬಟ್ಟೆಯನ್ನು ಓರೆಯಾಗಿ ಕತ್ತರಿಸಿ ಮಾಡುವ ಕ್ರಾಸ್ ಪಟ್ಟಿ ಕಡಿಮೆ ಬೀಳುವುದು ಯಾವಾಗಲೂ ನಾಲ್ಕೇ ಬೆರಳು. ಒಂದು ಮೊಳ ಕಡಿಮೆಯಾದರೆ ಮೊದಲೇ ಗೊತ್ತಾಗುತ್ತದೆ, ಗೊಣಗಿಕೊಂಡು ಇನ್ನೊಂದು ಪಟ್ಟಿ ಕತ್ತರಿಸಬಹುದು. ಈ ನಾಲ್ಕು ಬೆರಳು ಹಾಗಲ್ಲ. ಸುತ್ತೆಲ್ಲ ಸಲೀಸಾಗಿ ಬಂದು, ಇನ್ನೇನು ಮುಗೀತು ಅನ್ನುವಾಗ ಕೈ ಕೊಡುತ್ತದೆ.

ಈ ಸಲದ್ದು ಮಗುವಿನ ಹೊದಿಕೆ. ಅಗಲ 90 ಸೆಂಟಿಮೀಟರ್, ಉದ್ದ 120. ಮೂಲೆಗಳು ದುಂಡಗೆ ಬೇಕಿತ್ತು, ಅದಕ್ಕೇ ತಿರುವಿಗೆ ಬಗ್ಗುವ ಕ್ರಾಸ್. ಬರೀ ನೇರ ಅಂಚಾಗಿದ್ದರೆ ನೇರ ಪಟ್ಟಿಯೇ ಸಾಕಿತ್ತು. ಮಡಚಿ ಹೊಲಿದ ಮೇಲೆ ಕಾಣುವುದು ಒಂದೂವರೆ ಸೆಂಟಿಮೀಟರ್. ಕತ್ತರಿಸುವಾಗ ಅದರ ನಾಲ್ಕರಷ್ಟು, ಅಂದರೆ 6.

ಇಷ್ಟು ಹೇಳಿ ನಾನು ಟೇಪ್ ಹುಡುಕುತ್ತಿದ್ದೆ. ಅಷ್ಟರಲ್ಲಿ ನಮ್ಮ ಮನೆಯವರು ಫೋನ್ ತೆಗೆದರು. ಲೆಕ್ಕ ಅಂದರೆ ಅವರಿಗೆ ಹಬ್ಬ, ಬಟ್ಟೆ ಉಳಿದರೆ ಸೂತಕ.

ಸುತ್ತಳತೆ 420. ತುದಿ ಸೇರಿಸೋಕೆ 30 ಜಾಸ್ತಿ ಹಾಕಿ ಅಂದೆ. ಮುಖ ಹುಳ್ಳಗೆ ಮಾಡಿಕೊಂಡೇ ಹಾಕಿದರು. 450ನ್ನು 6ರಿಂದ ಗುಣಿಸಿದರೆ ಪಟ್ಟಿಯ ವಿಸ್ತೀರ್ಣ 2700. ಅಷ್ಟೇ ವಿಸ್ತೀರ್ಣದ ಚೌಕದ ಬದಿ, ಅಂದರೆ ಅದರ ವರ್ಗಮೂಲ, 51.96. "52 ಸೆಂಟಿಮೀಟರ್ ಚೌಕ ತಗೋ, ಧಾರಾಳವಾಯ್ತು" ಅಂದರು. ಧಾರಾಳ! ಅರ್ಧ ಮಿಲಿಮೀಟರ್ ಕೂಡ ಇಲ್ಲದ ಧಾರಾಳ. 60 ಇರಲಿ ಅಂದರೆ ಕೇಳಬೇಕಲ್ಲ? "ಗಣಿತ ಸುಳ್ಳು ಹೇಳಲ್ಲ" ಅಂತ ಕತ್ತರಿಯನ್ನೂ ಅವರೇ ಹಿಡಿದರು.

ಗಣಿತ ಸುಳ್ಳು ಹೇಳಲಿಲ್ಲ, ನಿಜ. ಆದರೆ ಗಣಿತಕ್ಕೆ ಹೊಲಿಯೋಕೆ ಬರಲ್ಲ. ಚೌಕವನ್ನು ಓರೆಯಾಗಿ ಸೀಳಿದರೆ ಬರುವುದು ಉದ್ದನೆಯ ಒಂದೇ ಪಟ್ಟಿಯಲ್ಲ, ಚಿಕ್ಕದು ದೊಡ್ಡದು ಹತ್ತಾರು ತುಂಡು. ಒಂದೊಂದು ಜೋಡಣೆಯೂ ಒಂದೊಂದು ಸೆಂಟಿಮೀಟರಿಗಿಂತ ಜಾಸ್ತಿ ನುಂಗುತ್ತದೆ. ಎರಡು ಮೂಲೆಯ ತ್ರಿಕೋನಗಳು ಯಾವ ಕೆಲಸಕ್ಕೂ ಬರಲ್ಲ. ಕ್ಯಾಲ್ಕುಲೇಟರಿಗೆ ಇದನ್ನೆಲ್ಲ ಹೇಳಿದವರು ಯಾರು?

ಕಡಿಮೆ ಬಿದ್ದದ್ದನ್ನು ತೋರಿಸಿದೆ. ಅವರು ಸ್ವಲ್ಪವೂ ಅಳುಕಲಿಲ್ಲ. "ಕ್ರಾಸ್ ಬಟ್ಟೆ ಹಿಗ್ಗುತ್ತಲ್ವಾ, ಎಳೆದು ಹೊಲಿ." ಹಿಗ್ಗುತ್ತೆ ಸ್ವಾಮಿ, ಚೆನ್ನಾಗಿಯೇ ಹಿಗ್ಗುತ್ತೆ. ಆಮೇಲೆ ಕೈ ಬಿಟ್ಟ ತಕ್ಷಣ ಹೊದಿಕೆಯನ್ನೂ ಎಳೆದುಕೊಂಡು ಸುಕ್ಕಾಗುತ್ತೆ. ಅಂಚೆಲ್ಲ ಹಪ್ಪಳದ ಹಾಗೆ ಎದ್ದು ಕೂರುತ್ತೆ.

ಅಮ್ಮ ಇಂಥ ಲೆಕ್ಕ ಮಾಡಿದ್ದನ್ನು ನಾನು ನೋಡಿಲ್ಲ. ಬೇಕಾದ್ದಕ್ಕಿಂತ ಜಾಸ್ತಿಯೇ ಕತ್ತರಿಸುತ್ತಿದ್ದಳು. ಉಳಿದದ್ದನ್ನು ಸುತ್ತಿ ಡಬ್ಬಿಗೆ ಹಾಕುತ್ತಿದ್ದಳು. ಆ ಡಬ್ಬಿಯಲ್ಲಿ ನನ್ನ ಹಳೇ ಫ್ರಾಕುಗಳ ಅಂಚೆಲ್ಲ ಸಿಗುತ್ತಿತ್ತು. ಫ್ರಾಕು ಯಾವಾಗಲೋ ಹರಿದು ಹೋಗಿದ್ದರೂ ಅದರ ಒಂದು ಗೇಣು ಪಟ್ಟಿ ಮಾತ್ರ ಇನ್ನೂ ಹೊಸದಾಗಿಯೇ ಇರುತ್ತಿತ್ತು. ಈಗ ಆ ಡಬ್ಬಿ ಎಲ್ಲಿದೆಯೋ.

ಕೊನೆಗೆ ಬೇರೆ ಬಣ್ಣದ ತುಂಡು ಹುಡುಕಿ ಸೇರಿಸಿದೆ. ಮನೆಯವರು ದೂರದಿಂದ ನೋಡಿ, "ಆ ಡಿಸೈನ್ ಚೆನ್ನಾಗಿದೆ, ಇನ್ನೂ ಮೂರು ಕಡೆ ಹಾಕಬಹುದಿತ್ತು" ಅಂದರು.

ಮುಂದಿನದು ದುಂಡು ಕುಶನ್ ಕವರ್. ವ್ಯಾಸ 40. 22/7 ಹಾಕಬೇಕಾ, 3.14 ಹಾಕಬೇಕಾ ಅಂತ ಆಗಲೇ ಕೇಳಿದ್ದಾರೆ. ಕತ್ತರಿ ಎಲ್ಲಿ ಅಂತ ಕೇಳಿದರೆ ಮಾತ್ರ ನನಗೆ ಗೊತ್ತಿಲ್ಲ.